ಮಾತಿಗೊಂದು ಅಂಗಳ ಬೇಕು

ಗಾಜಾದ ಯುದ್ಧ ದೇಶ ವಿದೇಶಗಳ ವಿದ್ಯಾರ್ಥಿ ಸಂಘಗಳ ನಿದ್ದೆ ಕೆಡಿಸಿದೆ. ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯಿಂದ ಕಾಲೇಜಿಗೆ ಹೋಗುವ ನಮ್ಮ ಮಕ್ಕಳೂ ಅವೇ ಚಿತ್ರಗಳನ್ನು ನೋಡುತ್ತಿದ್ದಾರೆ. ಅವರು ತಮ್ಮ ಪ್ರಶ್ನೆಯನ್ನು ಎಲ್ಲಿ ಕೇಳಬೇಕು?

ಮುಂಡಗೋಡದ ಟಿಬೆಟಿಯನ್ ಕಾಲೊನಿಯಲ್ಲಿ ಮಠದ ಅಂಗಳದ ಬದಿಗೆ ಸಂಜೆ ಹೊತ್ತು ನಿಂತರೆ ಮೊದಲು ಕಿವಿಗೆ ಬೀಳುವುದು ಚಪ್ಪಾಳೆ. ಸಭೆಯ ಚಪ್ಪಾಳೆಯಲ್ಲ, ಪ್ರಶ್ನೆಯ ಚಪ್ಪಾಳೆ. ಒಬ್ಬ ಭಿಕ್ಷು ನೆಲದ ಮೇಲೆ ಕುಳಿತಿರುತ್ತಾನೆ. ಇನ್ನೊಬ್ಬ ಅವನೆದುರು ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿಯುವ ಗಳಿಗೆಗೆ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ ಅಂಗೈಗೆ ಅಂಗೈ ಹೊಡೆಯುತ್ತಾನೆ. ಕುಳಿತವನು ಮನಬಂದಂತೆ ಉತ್ತರಿಸುವಂತಿಲ್ಲ. ‘ಒಪ್ಪುತ್ತೇನೆ’, ‘ಏಕೆ?’, ‘ಕಾರಣ ಸಿದ್ಧವಾಗಿಲ್ಲ’, ‘ವ್ಯಾಪ್ತಿ ಇಲ್ಲ’ ಎಂಬ ನಾಲ್ಕೈದು ಮಾತುಗಳಲ್ಲೇ ಅವನು ನಿಲ್ಲಬೇಕು, ಇಲ್ಲವೇ ಸೋಲಬೇಕು. ದೂರದಿಂದ ನೋಡಿದವರಿಗೆ ಜಗಳದಂತೆ ಕಾಣುತ್ತದೆ. ಆದರೆ ವಾದ ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುತ್ತಾರೆ.

ಈ ಜನ 1966ರಿಂದ ನಮ್ಮ ನೆರೆಯವರು. ಸುಮಾರು 4,000 ಎಕರೆ ಜಾಗದಲ್ಲಿ ಕ್ಯಾಂಪು ಕಟ್ಟಿಕೊಂಡು, ಮೆಕ್ಕೆಜೋಳ ಬೆಳೆದು, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಪ್ರತಿ ವರ್ಷ ಮಾರ್ಚ್ 10ರಂದು, 1959ರ ಲ್ಹಾಸಾ ದಂಗೆಯ ನೆನಪಿಗೆ, ಕಾಲೊನಿಯ ಹುಡುಗ ಹುಡುಗಿಯರು ತಮ್ಮ ಬಾವುಟ ಹಿಡಿಯುತ್ತಾರೆ. ‘ಸಾವಿರಾರು ಮೈಲಿ ಆಚೆಯ ದೇಶದ ಗೋಳು ಮುಂಡಗೋಡದಲ್ಲಿ ಯಾಕೆ?’ ಎಂದು ನಮ್ಮ ಕಡೆಯ ರೈತರು ಅವರನ್ನು ಪ್ರಶ್ನಿಸಿದ್ದನ್ನು ನಾನು ಕೇಳಿಲ್ಲ. ನೆಲ ಕಳೆದುಕೊಂಡವರ ಸಂಕಟ ಏನೆಂಬುದು ಇಲ್ಲಿನವರಿಗೆ ಪಾಠ ಹೇಳಿಸಿಕೊಳ್ಳದೆಯೇ ಗೊತ್ತು.

ಹೀಗಿರುವಾಗ, ಬೆಳಿಗ್ಗೆ ಸಾಂಬ್ರಾಣಿಯಲ್ಲಿ ಹಳಿಯಾಳದ ಬಸ್ಸಿಗೆ ಕಾಯುವ ಕಾಲೇಜು ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದು, ‘ಸರ್, ಇದನ್ನ ನೋಡಿ ಸುಮ್ನ ಕುಂದ್ರೂದೇನ್ರಿ?’ ಎಂದಾಗ ನನಗೆ ಅಚ್ಚರಿಯಾಗಲಿಲ್ಲ. ಪರದೆಯ ಮೇಲೆ ಗಾಜಾ ಇತ್ತು. ಉತ್ತರ ನನ್ನ ಬಳಿ ಇರಲಿಲ್ಲ. ಆ ಪ್ರಶ್ನೆಯನ್ನು ಅವನು ತನ್ನ ಕಾಲೇಜಿನಲ್ಲಿ ಕೇಳಬಹುದಾದ ಜಾಗವೂ ಇರಲಿಲ್ಲ. ಈ ಎರಡನೆಯ ಕೊರತೆ ನನ್ನನ್ನು ಹೆಚ್ಚು ಕಾಡಿತು.

ಸತ್ತವರಲ್ಲಿ ವಿದ್ಯಾರ್ಥಿಗಳೂ ಇದ್ದರು

ಈ ಯುದ್ಧ ವಿದ್ಯಾರ್ಥಿಗಳನ್ನು ಇಷ್ಟು ಆಳವಾಗಿ ತಟ್ಟಿದ್ದಕ್ಕೆ ಕಾರಣವಿದೆ. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲ್‌ನಲ್ಲಿ ಸುಮಾರು 1,200 ಜನ ಹತರಾದರು, 251 ಮಂದಿಯನ್ನು ಒತ್ತೆಯಾಳುಗಳಾಗಿ ಎಳೆದೊಯ್ದರು. ಗಾಜಾ ಗಡಿಯ ಅಲುಮಿಮ್ ಎಂಬ ಕಿಬ್ಬುತ್ಸ್‌ನಲ್ಲಿ (ಸಾಮೂಹಿಕ ಕೃಷಿ ಗ್ರಾಮದಲ್ಲಿ) ಅಂದು ಸತ್ತವರಲ್ಲಿ 10 ಮಂದಿ ನೇಪಾಳದ ಕೃಷಿ ವಿದ್ಯಾರ್ಥಿಗಳು. ದುಡಿಯುತ್ತಾ ಕಲಿಯುವ ಯೋಜನೆಯಡಿ ಹೋಗಿ ಅವರಿಗೆ ಇನ್ನೂ ಕೆಲವೇ ವಾರಗಳಾಗಿದ್ದವು. ಅವರ ಜೊತೆಗಾರ ಬಿಪಿನ್ ಜೋಶಿ ಅಡಗುತಾಣದೊಳಗೆ ಬಂದು ಬಿದ್ದ ಗ್ರೆನೇಡನ್ನು ಎತ್ತಿ ಹೊರಗೆಸೆದು ಗೆಳೆಯರನ್ನು ಉಳಿಸಿದ, ತಾನು ಸೆರೆಯಾದ. 2025ರ ಅಕ್ಟೋಬರ್‌ನಲ್ಲಿ ಮರಳಿ ಬಂದದ್ದು ಅವನ ಶವ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಮಗನನ್ನು ಕಳಿಸಿರುವ ಹಳಿಯಾಳದ ಯಾವ ತಾಯಿಯಾದರೂ ಆ ನೇಪಾಳಿ ತಾಯಿಯ ನೋವನ್ನು ಅರಿಯಬಲ್ಲಳು.

ಇತ್ತ ಗಾಜಾದಲ್ಲಿ, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ, 2025ರ ನಡುವಿನ ಹೊತ್ತಿಗೆ ಸತ್ತವರ ಸಂಖ್ಯೆ 60,000 ದಾಟಿತು. ಗಾಜಾದ ಇಸ್ಲಾಮಿಕ್ ವಿಶ್ವವಿದ್ಯಾಲಯದ ಮೇಲೆ ಯುದ್ಧದ ಮೊದಲ ವಾರದಲ್ಲೇ ಬಾಂಬು ಬಿತ್ತು. 2024ರ ಜನವರಿಯಲ್ಲಿ ಇಸ್ರಾ ವಿಶ್ವವಿದ್ಯಾಲಯದ ಕಟ್ಟಡಕ್ಕೆ ಸ್ಫೋಟಕ ಇಟ್ಟು ಉಡಾಯಿಸಿದ ವಿಡಿಯೊವನ್ನು ಜಗತ್ತೇ ನೋಡಿತು: ಉದ್ದನೆಯ ಕಟ್ಟಡ ಒಮ್ಮೆಲೇ ಮೇಲೆದ್ದಂತಾಗಿ, ಮರುಕ್ಷಣ ದೂಳಾಯಿತು. ಗಾಜಾದ ವಿಶ್ವವಿದ್ಯಾಲಯಗಳಲ್ಲಿ ಹಾನಿಯಾಗದೆ ಉಳಿದದ್ದು ಒಂದೂ ಇಲ್ಲ. ಪರೀಕ್ಷೆ ಬರೆಯಬೇಕಾದವರು ನೀರಿನ ಸಾಲಿನಲ್ಲಿ ನಿಂತರು.

ಈ ಎರಡೂ ನೋವುಗಳನ್ನು ಒಂದೇ ಉಸಿರಿನಲ್ಲಿ ಹೇಳಲು ಮೊಬೈಲಿನ ಪರದೆ ಕಲಿಸುವುದಿಲ್ಲ. ಅದು ಒಬ್ಬರಿಗೆ ಒಂದನ್ನೇ ತೋರಿಸುತ್ತದೆ, ಇನ್ನೊಬ್ಬರಿಗೆ ಇನ್ನೊಂದನ್ನೇ. ಎರಡನ್ನೂ ಎದುರಿಗಿಟ್ಟುಕೊಂಡು ಕೂರಬೇಕೆಂದರೆ ಮನುಷ್ಯರು ಮನುಷ್ಯರ ಎದುರು ಕೂರಬೇಕು.

ಬರ್ಕ್ಲಿಯ ರಾತ್ರಿಗಳು

ಹಾಗೆ ಕೂತವರ ಕತೆ ಹೇಳಬೇಕು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಚುನಾಯಿತ ವಿದ್ಯಾರ್ಥಿ ಸರ್ಕಾರಗಳಿವೆ. ಅವಕ್ಕೆ ಸೆನೆಟ್ ಇದೆ, ಅಧ್ಯಕ್ಷರಿದ್ದಾರೆ, ಬಜೆಟ್ಟೂ ಇದೆ. 2010ರ ಮಾರ್ಚ್‌ನಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸೆನೆಟ್, ಇಸ್ರೇಲ್ ಸೇನೆಗೆ ಸಾಮಗ್ರಿ ಒದಗಿಸುವ ಎರಡು ಕಂಪನಿಗಳಿಂದ ವಿಶ್ವವಿದ್ಯಾಲಯ ತನ್ನ ಹೂಡಿಕೆ ಹಿಂತೆಗೆಯಬೇಕು ಎಂಬ ಠರಾವನ್ನು 16–4 ಮತಗಳಿಂದ ಒಪ್ಪಿತು. ವಿದ್ಯಾರ್ಥಿ ಅಧ್ಯಕ್ಷ ಅದಕ್ಕೆ ವೀಟೊ ಹಾಕಿದ. ವೀಟೊ ಮುರಿಯಲು ಕರೆದ ಸಭೆ ರಾತ್ರಿಯಿಡೀ ನಡೆಯಿತು. ಪ್ಯಾಲೆಸ್ತೀನ್ ಮೂಲದವರು ಮಾತಾಡಿದರು, ಯಹೂದಿ ವಿದ್ಯಾರ್ಥಿಗಳು ಎರಡೂ ಪಕ್ಷದಲ್ಲಿ ನಿಂತು ಮಾತಾಡಿದರು. ವೀಟೊ ಮುರಿಯಲಿಲ್ಲ. ಮೂರು ವರ್ಷ ಬಿಟ್ಟು, 2013ರಲ್ಲಿ, ಅಂಥದೇ ಠರಾವು 11–9ರಲ್ಲಿ ಗೆದ್ದಿತು. ವಿಶ್ವವಿದ್ಯಾಲಯದ ಆಡಳಿತ ಮಾತ್ರ ಹೂಡಿಕೆಯನ್ನು ಕದಲಿಸಲಿಲ್ಲ.

ಹಾಗಾದರೆ ದಕ್ಕಿದ್ದೇನು? ಈ ಪ್ರಶ್ನೆ ಕೇಳುವವರು ಇನ್ನೂ ಸ್ವಲ್ಪ ಹಿಂದೆ ಹೋಗಬೇಕು. 1980ರ ದಶಕದಲ್ಲಿ ಇದೇ ಕ್ಯಾಂಪಸ್‌ಗಳ ವಿದ್ಯಾರ್ಥಿಗಳು ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಠರಾವು ಮಾಡಿದಾಗಲೂ ಹಿರಿಯರು ತಲೆಯಾಡಿಸಿ ಸುಮ್ಮನಾಗಿದ್ದರು. 1986ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ದಕ್ಷಿಣ ಆಫ್ರಿಕಾದ ಜೊತೆ ವ್ಯವಹಾರವಿದ್ದ ಕಂಪನಿಗಳಿಂದ ಸುಮಾರು 300 ಕೋಟಿ ಡಾಲರ್ ಹಿಂತೆಗೆಯಲು ತೀರ್ಮಾನಿಸಿತು. ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶಜರಾದ ಸಿದ್ದಿಗಳ ಜೊತೆ ಬಾಳುವ ನಮ್ಮ ತಾಲ್ಲೂಕುಗಳಿಗೆ ಆ ಗೆಲುವು ಪರಕೀಯವಲ್ಲ.

ವಿದ್ಯಾರ್ಥಿ ಸರ್ಕಾರಗಳು ತಪ್ಪು ಮಾಡಿಲ್ಲವೆಂದಲ್ಲ. 2015ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನ ವಿದ್ಯಾರ್ಥಿ ಪರಿಷತ್ತು ತನ್ನ ನ್ಯಾಯ ಮಂಡಳಿಗೆ ಅಭ್ಯರ್ಥಿಯಾಗಿದ್ದ ವಿದ್ಯಾರ್ಥಿನಿಯೊಬ್ಬಳನ್ನು, ‘ನೀನು ಯಹೂದಿ ಸಮುದಾಯದಲ್ಲಿ ತೊಡಗಿಕೊಂಡವಳು, ಪಕ್ಷಪಾತವಿಲ್ಲದೆ ಹೇಗೆ ಇರುತ್ತೀ?’ ಎಂಬರ್ಥದಲ್ಲಿ ಪ್ರಶ್ನಿಸಿ, ಮೊದಲು ತಿರಸ್ಕರಿಸಿಬಿಟ್ಟಿತು. ಇದು ಅನ್ಯಾಯ. ಯಾವ ಧರ್ಮದವರಿಗೂ ಈ ಪ್ರಶ್ನೆ ಹಾಕಬಾರದು. ಅದೇ ಸಭೆಯಲ್ಲಿ ಸಲಹೆಗಾರರೊಬ್ಬರು ತಪ್ಪನ್ನು ತೋರಿಸಿದರು. ಪರಿಷತ್ತು ಮತ್ತೆ ಮತಕ್ಕೆ ಹಾಕಿ ಅವಳನ್ನು ಸರ್ವಾನುಮತದಿಂದ ಒಪ್ಪಿತು, ಮುಂದೆ ಕ್ಷಮೆಯನ್ನೂ ಕೇಳಲಾಯಿತು. 2024ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, ಹೂಡಿಕೆ ಹಿಂತೆಗೆಯುವವರೆಗೆ ವಿದ್ಯಾರ್ಥಿ ಕ್ಲಬ್ಬುಗಳ ಅನುದಾನವನ್ನೇ ತಡೆಹಿಡಿಯುತ್ತೇವೆ ಎಂದವರು ಚುನಾವಣೆ ಗೆದ್ದರು. ನೃತ್ಯ ತಂಡದಿಂದ ಹಿಡಿದು ಆಟದ ತಂಡದವರೆಗೆ ಎಲ್ಲರ ಹಣ ನಿಂತಿತು. ಕೊನೆಗೆ ವಿದ್ಯಾರ್ಥಿ ಪ್ರತಿನಿಧಿಗಳೇ ಅನುದಾನವನ್ನು ಮತ್ತೆ ಬಿಡಿಸಿದರು, ವರ್ಷದ ಕೊನೆಯಲ್ಲಿ ಅಧ್ಯಕ್ಷರನ್ನು ಮಹಾಭಿಯೋಗದ ಮೂಲಕ ಇಳಿಸಿದರು.

ನನಗೆ ಈ ಎರಡು ಪ್ರಸಂಗಗಳು ಗೆದ್ದ ಠರಾವುಗಳಿಗಿಂತ ದೊಡ್ಡವಾಗಿ ಕಾಣುತ್ತವೆ. ಹತ್ತೊಂಬತ್ತು ಇಪ್ಪತ್ತರ ಹುಡುಗರು ಎಲ್ಲರೆದುರು ಎಡವಿದರು, ಎಲ್ಲರೆದುರೇ ತಿದ್ದಿಕೊಂಡರು. ಕುಳಿತವನು ಕೊನೆಗೂ ‘ಒಪ್ಪುತ್ತೇನೆ’ ಎಂದ. ಪ್ರಜಾಪ್ರಭುತ್ವವನ್ನು ಕಲಿಯಲು ಇದಕ್ಕಿಂತ ಬೇರೆ ಪಠ್ಯಪುಸ್ತಕ ನನಗೆ ಗೊತ್ತಿಲ್ಲ.

ನಮ್ಮ ಕಡೆಯ ಪತ್ರಗಳು

ಭಾರತದಲ್ಲೂ ದನಿ ಎದ್ದಿತು. 2024ರ ಮೇ ತಿಂಗಳಲ್ಲಿ ಹರಿಯಾಣದ ಅಶೋಕ ವಿಶ್ವವಿದ್ಯಾಲಯದ ಚುನಾಯಿತ ವಿದ್ಯಾರ್ಥಿ ಸರ್ಕಾರ, ಟೆಲ್ ಅವೀವ್ ವಿಶ್ವವಿದ್ಯಾಲಯದ ಜೊತೆಗಿನ ಸಂಬಂಧ ಕಡಿದುಕೊಳ್ಳಿ ಎಂದು ಕುಲಪತಿಗೆ ಪತ್ರ ಬರೆಯಿತು. ಆಡಳಿತ ಒಪ್ಪಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 23ಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭಾರತ–ಇಸ್ರೇಲ್ ವ್ಯಾಪಾರ ಸಮಾವೇಶ ಗೊತ್ತಾದಾಗ, ಅದನ್ನು ಕೈಬಿಡಿ ಎಂದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅಧ್ಯಾಪಕರು ಸಂಸ್ಥೆಯ ನಿರ್ದೇಶಕರಿಗೆ ಬರೆದ ಪತ್ರಕ್ಕೆ ಸಹಿ ಹಾಕಿದರು.

ಆ ದಿನಾಂಕಕ್ಕೂ ಕನ್ನಡ ನಾಡಿನ ನಂಟಿದೆ. 1918ರ ಸೆಪ್ಟೆಂಬರ್ 23ರಂದು, ತುರ್ಕರ ಕೈಯಲ್ಲಿದ್ದ ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಜೋಧಪುರದ ಜೊತೆಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇತ್ತು. ಮಡಿದವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಹೈಫಾದ ಹೆಮ್ಮೆಯನ್ನು ಮುಂದಿಟ್ಟು ಇಸ್ರೇಲ್ ಸ್ನೇಹವನ್ನು ಎತ್ತಿ ಹಿಡಿಯುವ ವಿದ್ಯಾರ್ಥಿಗೆ ವಾದವಿದೆ. 1947ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ತೀನ್ ವಿಭಜನೆಯ ವಿರುದ್ಧ ಮತ ಹಾಕಿದ, 1988ರಲ್ಲಿ ಪ್ಯಾಲೆಸ್ತೀನ್ ರಾಷ್ಟ್ರವನ್ನು ಮಾನ್ಯ ಮಾಡಿದ ಭಾರತವನ್ನು ನೆನಪಿಸುವ ವಿದ್ಯಾರ್ಥಿಗೂ ವಾದವಿದೆ. ಇಸ್ರೇಲನ್ನು 1950ರಲ್ಲಿ ಮಾನ್ಯ ಮಾಡಿ, 1992ರಲ್ಲಿ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದೂ ಇದೇ ಭಾರತ. ಇಬ್ಬರ ಕೈಯಲ್ಲೂ ನಮ್ಮದೇ ಇತಿಹಾಸದ ಹಾಳೆಗಳಿವೆ. ಇಬ್ಬರನ್ನೂ ಎದುರುಬದುರು ನಿಲ್ಲಿಸುವ ಅಂಗಳ ಮಾತ್ರ ಇಲ್ಲ.

ಮೂರೂವರೆ ದಶಕದ ಮೌನ

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತದ್ದು 1989ರ ಸುಮಾರಿಗೆ. ನಿಲ್ಲಿಸಲು ಕಾರಣವೂ ಇತ್ತು. ಹೊಡೆದಾಟ, ಹಣ, ಜಾತಿಯ ಗುಂಪುಗಾರಿಕೆ, ಹೊರಗಿನ ರಾಜಕಾರಣಿಗಳ ಕೈವಾಡದಿಂದ ಕಾಲೇಜು ಆವರಣಗಳು ನಲುಗಿದ್ದವು. ಮಕ್ಕಳನ್ನು ಓದಲು ಕಳಿಸಿದ ತಂದೆ ತಾಯಿ ನೆಮ್ಮದಿಯ ಉಸಿರು ಬಿಟ್ಟದ್ದು ಸುಳ್ಳಲ್ಲ. ಆದರೆ ರೋಗಕ್ಕೆ ಮದ್ದು ಕೊಡುವ ಬದಲು ಅಂಗವನ್ನೇ ಕತ್ತರಿಸಿದಂತಾಯಿತು. ಅಲ್ಲಿಂದ ಮುಂದೆ ವಿದ್ಯಾರ್ಥಿ ಪ್ರತಿನಿಧಿ ಎಂದರೆ ಹೆಚ್ಚು ಅಂಕ ಪಡೆದವರು, ಇಲ್ಲವೇ ಪ್ರಾಂಶುಪಾಲರು ಹೆಸರಿಸಿದವರು. ಅವರು ವಾರ್ಷಿಕೋತ್ಸವದ ಸ್ವಾಗತ ಭಾಷಣ ಮಾಡುತ್ತಾರೆ, ಠರಾವು ಮಂಡಿಸುವುದಿಲ್ಲ.

ಮದ್ದು ಇರಲಿಲ್ಲವೇ? ಇತ್ತು. ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಲಿಂಗ್ಡೊ ಸಮಿತಿ 2006ರಲ್ಲೇ ದಾರಿ ತೋರಿಸಿತು: ವರ್ಷಕ್ಕೊಮ್ಮೆ ಚುನಾವಣೆ, ಅಭ್ಯರ್ಥಿಗೆ ವೆಚ್ಚದ ಮಿತಿ 5,000 ರೂಪಾಯಿ, ಹಾಜರಿ ಕಡ್ಡಾಯ, ವಯಸ್ಸಿನ ಮಿತಿ, ಅಚ್ಚು ಹಾಕಿದ ಪೋಸ್ಟರ್ ಕೂಡದು, ಅಪರಾಧದ ಹಿನ್ನೆಲೆಯವರು ನಿಲ್ಲುವಂತಿಲ್ಲ. ನಮ್ಮ ರಾಜ್ಯ ಅದನ್ನು ಎತ್ತಿಕೊಳ್ಳಲಿಲ್ಲ. 2025ರ ನವೆಂಬರ್‌ನಲ್ಲಿ ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ವಿದ್ಯಾರ್ಥಿ ಚುನಾವಣೆಯನ್ನು ಮರಳಿ ತರುವ ಬಗ್ಗೆ ಸಮಿತಿ ರಚಿಸುವ ಮಾತಾಡಿದ ಮೇಲೆ ಚರ್ಚೆಗೆ ಮತ್ತೆ ಜೀವ ಬಂದಿದೆ. ಆ ಚರ್ಚೆ ಬೆಂಗಳೂರಿನಲ್ಲೇ ಹುಟ್ಟಿ ಬೆಂಗಳೂರಿನಲ್ಲೇ ಮುಗಿಯಬಾರದು. ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡದ ಕಾಲೇಜುಗಳಿಗೂ ಅದು ಬರಬೇಕು.

ಯಾಕೆಂದರೆ ಇಲ್ಲಿನ ಒಂದೊಂದು ತರಗತಿಯೂ ಒಂದು ಪುಟ್ಟ ಲೋಕ. ಮನೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಮಾತಾಡುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಸಿದ್ದಿ, ಗೌಳಿ, ಕುಣಬಿ, ಮುಸ್ಲಿಂ, ಕ್ರೈಸ್ತ, ಲಿಂಗಾಯತ, ಮರಾಠ ಮಕ್ಕಳು ಒಂದೇ ಬಸ್ ಪಾಸಿನಲ್ಲಿ ಓಡಾಡುತ್ತಾರೆ. ಗಾಜಾದ ಸುದ್ದಿ ಇವರ ಮೊಬೈಲಿಗೆ ಬಂದಾಗ ಅದು ಯುದ್ಧದ ಸುದ್ದಿಯಾಗಿ ಮಾತ್ರ ಉಳಿಯುವುದಿಲ್ಲ. ಸ್ಟೇಟಸ್ ಆಗುತ್ತದೆ, ಗುಂಪಾಗುತ್ತದೆ, ಪಕ್ಕದ ಬೆಂಚಿನವನ ಮೇಲಿನ ಅನುಮಾನವೂ ಆಗುತ್ತದೆ. ಬಾಯಿಬಿಟ್ಟು ಆಡದ ಮಾತು ಮನಸ್ಸಿನೊಳಗೆ ಹುಳಿಯುತ್ತದೆ. ಸಭೆ ಕರೆದರೆ ಜಗಳವಾದೀತು ಎಂಬ ಭಯ ಹಿರಿಯರಿಗಿದೆ. ಸಭೆಯಿಲ್ಲದೆ ಆಗುತ್ತಿರುವ ಜಗಳ ಅವರ ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೇ.

ನಮ್ಮ ಕಾಲೇಜುಗಳಲ್ಲಿ ಚುನಾಯಿತ ಸಂಘ ಬಂದರೆ ಮೊದಲ ಸಭೆಯಲ್ಲೇ ಪ್ಯಾಲೆಸ್ತೀನ್ ಚರ್ಚೆಗೆ ಬರಲಿ ಎಂದು ನಾನು ಹೇಳುತ್ತಿಲ್ಲ. ಮೊದಲು ಸಾಂಬ್ರಾಣಿಗೆ ಸಂಜೆಯ ಬಸ್ಸಿನ ಮಾತು ಬರಲಿ. ಹಾಸ್ಟೆಲ್ಲಿನ ನೀರು, ಹುಡುಗಿಯರ ಶೌಚಾಲಯ, ತಡವಾಗುವ ವಿದ್ಯಾರ್ಥಿವೇತನ ಬರಲಿ. ಒಬ್ಬರು ಮಂಡಿಸಲಿ, ಇನ್ನೊಬ್ಬರು ಅನುಮೋದಿಸಲಿ, ಮತ್ತೊಬ್ಬರು ಎದ್ದು ವಿರೋಧಿಸಲಿ, ಕೈ ಎತ್ತಿ ಎಣಿಸಲಿ, ಸೋತವರು ಮುಂದಿನ ಸಭೆಗೂ ಬರಲಿ. ಬಸ್ಸಿನ ವಿಷಯದಲ್ಲಿ ಸೋಲಲು ಕಲಿತವನು ಗಾಜಾದ ವಿಷಯದಲ್ಲಿ ಎದುರಾಳಿಯ ಮಾತು ಮುಗಿಯುವವರೆಗೆ ಕಾಯಬಲ್ಲ. ಆಗ ಬಿಪಿನ್ ಜೋಶಿಯ ಹೆಸರು ಹೇಳುವವರೂ, ಇಸ್ರಾ ವಿಶ್ವವಿದ್ಯಾಲಯದ ದೂಳನ್ನು ನೆನೆಯುವವರೂ ಒಂದೇ ಠರಾವಿನ ಕರಡಿಗೆ ಕೂತಾರು.

ಆ ಠರಾವಿನಿಂದ ಯುದ್ಧ ನಿಲ್ಲುವುದಿಲ್ಲ, ನಿಜ. ಅದನ್ನು ಬರೆಯಲು ಕೂತವರು ಮಾತ್ರ ಕೂರುವ ಮೊದಲು ಇದ್ದಂತೆ ಇರುವುದಿಲ್ಲ. ಮುಂದೆ ಇವರೇ ಗ್ರಾಮ ಪಂಚಾಯಿತಿಯಲ್ಲಿ, ಸೊಸೈಟಿಯಲ್ಲಿ, ವಿಧಾನಸಭೆಯಲ್ಲಿ ಕೂರುವವರು.

ಬಸ್ಸಿಗೆ ಕಾಯುತ್ತಿದ್ದ ಆ ಹುಡುಗನಿಗೆ ಈಗ ಉತ್ತರ ಹೇಳಬಲ್ಲೆ. ಸುಮ್ಮನೆ ಕುಳಿತುಕೊಳ್ಳಬೇಡ ತಮ್ಮಾ. ನಿನ್ನ ಮಾತನ್ನು ಒಪ್ಪದ ಗೆಳೆಯನನ್ನು ಎದುರಿಗೆ ಕೂರಿಸಿಕೊ, ನೀನು ನಿಂತು ಕೇಳು. ನಾಳೆ ಅವನು ನಿಲ್ಲಲಿ, ನೀನು ಕುಳಿತು ಉತ್ತರ ಕೊಡು. ಆ ಅಂಗಳವನ್ನು ನಿಮಗೆ ಮರಳಿ ಕೊಡಿಸುವ ಕೆಲಸ ನಮ್ಮದು, ಹಿರಿಯರದು.