ಬಿಸಿಲ ದಾರಿಯ ಬುತ್ತಿ

ಹೊಲಕ್ಕೆ, ಜಾತ್ರೆಗೆ, ದೂರದ ಪಯಣಕ್ಕೆ ಮನೆಯಿಂದ ಕಟ್ಟಿಕೊಂಡು ಹೋಗುವ ಊಟವೇ ಬುತ್ತಿ. ಬೀದರ್ ಸೀಮೆಯಲ್ಲಿ ನಾಲ್ಕು ಭಾಷೆಗಳು ಕೂಡುವುದರಿಂದ ಇದಕ್ಕೆ ಹೆಸರುಗಳೂ ನಾಲ್ಕು. ಕನ್ನಡದಲ್ಲಿ ಬುತ್ತಿ, ಮರಾಠಿಯಲ್ಲಿ ಶಿದೋರಿ, ತೆಲುಗಿನಲ್ಲಿ ಸದ್ದಿ, ಉರ್ದುವಿನಲ್ಲಿ ತೋಶಾ. ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳ ಮನೆಗಳಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗುವ ಬುಟ್ಟಿಯಿಂದ ಹಿಡಿದು ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೊರಡುವ ಗಂಟಿನವರೆಗೆ ಬುತ್ತಿಗೆ ಅದರದೇ ಕ್ರಮವಿದೆ.

ಇಂದು ಹೋಗುವ ಜಾಗಗಳು ಹೆಚ್ಚಿವೆ. ಬೇಸಿಗೆ ರಜೆಯಲ್ಲಿ ಕಮಠಾಣದಂಥ ಊರಿನ ಕುಟುಂಬವೊಂದು ಮಕ್ಕಳನ್ನು ಕರೆದುಕೊಂಡು ಬೀದರ್ ಕೋಟೆ, ಅಷ್ಟೂರಿನ ಗುಂಬಜುಗಳು, ನರಸಿಂಹ ಝರಾ ನೋಡಲು ಹೋಗುತ್ತದೆ. ಇನ್ನೂ ದೂರ ಹೋಗುವವರು ಜಹೀರಾಬಾದ್ ದಾಟಿ ಹೈದರಾಬಾದ್ ಹಾದಿ ಹಿಡಿಯುತ್ತಾರೆ. ಅಲ್ಲಿ 1996ರಲ್ಲಿ ಆರಂಭವಾದ ರಾಮೋಜಿ ಫಿಲ್ಮ್ ಸಿಟಿ ಇದೆ, 2016ರಲ್ಲಿ ತೆರೆದ ವಂಡರ್‌ಲಾ ಇದೆ. ಇವೆಲ್ಲ ದಿನವಿಡೀ ನಡೆದು ನೋಡುವ ಜಾಗಗಳು, ಮತ್ತು ಮೇ ತಿಂಗಳ ಬಿಸಿಲು ಈ ಭಾಗದಲ್ಲಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಅಂಥ ದಿನದ ಬುತ್ತಿ ಹೊಟ್ಟೆ ತುಂಬಿಸಿದರಷ್ಟೇ ಸಾಲದು. ಅದು ಕೆಡಬಾರದು, ದಾಹ ಹೆಚ್ಚಿಸಬಾರದು, ಹೊರಲು ಹಗುರವಾಗಿರಬೇಕು.

ಸೆಕೆಗೆ ಅನ್ನ ಕೆಡುವ ಬಗೆ

ಅಡುಗೆಯನ್ನು ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಮೂರು ಅನುಕೂಲಗಳು ಬೇಕು: ಬೆಚ್ಚಗಿನ ವಾತಾವರಣ, ತೇವಾಂಶ, ಹುಳಿಯಿಲ್ಲದ ಆಹಾರ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ವೇಗವಾಗಿ ಬೆಳೆಯುತ್ತವೆ. ಎಲ್ಲ ಅನುಕೂಲವೂ ಇದ್ದರೆ ಕೆಲವು ಬಗೆಯವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಬೇಗ ಕೆಡುವ ಅಡುಗೆಯನ್ನು ತಂಪಿಲ್ಲದೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಹೊರಗಿನ ಉಷ್ಣಾಂಶ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ಆಹಾರ ಸುರಕ್ಷತೆಯಲ್ಲಿ ಬಳಕೆಯಲ್ಲಿರುವ ನಿಯಮ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಸೆಕೆ ಹೊರಗಿನದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಡಿಕ್ಕಿಯಲ್ಲಿಟ್ಟ ಡಬ್ಬಿಗೆ ಆ ಒಂದು ಗಂಟೆಯ ಭರವಸೆಯೂ ಇಲ್ಲ.

ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷಗಳಲ್ಲಿ ವಾಂತಿ ತರುವಂಥದ್ದು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗಿನ ಚಿತ್ರಾನ್ನವನ್ನು ಮಧ್ಯಾಹ್ನ ಮೂರಕ್ಕೆ ಉಂಡು ಹೊಟ್ಟೆ ಕೆಡಿಸಿಕೊಳ್ಳುವವರಿಗೆ ಅನೇಕ ವೇಳೆ ಕಾರಣ ಇದೇ. ರುಚಿ, ವಾಸನೆ ಕೆಡದೆಯೂ ಅನ್ನ ಕೆಟ್ಟಿರಬಹುದು ಎಂಬುದು ನೆನಪಿರಬೇಕಾದ ಮಾತು.

ತೇವ ತೆಗೆದರೆ ಅಥವಾ ಹುಳಿ ಸೇರಿಸಿದರೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ಕುಂಠಿತವಾಗುತ್ತದೆ. ಉತ್ತರ ಕರ್ನಾಟಕದ ಬುತ್ತಿ ನಿಂತಿರುವುದೇ ಇವೆರಡರ ಮೇಲೆ. ಖಡಕ್ ರೊಟ್ಟಿ ಮತ್ತು ಹಿಂಡಿ ಒಣಗಿರುವುದರಿಂದ ಉಳಿಯುತ್ತವೆ. ಮಜ್ಜಿಗೆ, ಅಂಬಲಿಗಳು ಹುಳಿಯ ಬಲದಿಂದ ಹಾಲಿಗಿಂತ ಹೆಚ್ಚು ಹೊತ್ತು ಬಾಳುತ್ತವೆ.

ಒಣ ಬುತ್ತಿ

ಜೋಳದಲ್ಲಿ ಗೋಧಿಯಂತೆ ಜಿಗುಟು ಕೊಡುವ ಗ್ಲುಟೆನ್ ಇಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಾರೆ. ಬಿಸಿನೀರಿಗೆ ಪಿಷ್ಟ ಅರಳಿ ಹಿಟ್ಟು ಕೂಡಿಕೊಳ್ಳುತ್ತದೆ. ಅಂಗೈಯಿಂದ ತಿರುಗಿಸುತ್ತ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಬೇಯಿಸುತ್ತಾರೆ. ಉಬ್ಬಿದ ಕೂಡಲೇ ಇಳಿಸಿದರೆ ಅದು ಮೆತ್ತನ್ನ ರೊಟ್ಟಿ, ಅಂದಂದೇ ಉಣ್ಣಬೇಕು. ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ಅರಿವೆಯ ಉಂಡೆಯಿಂದ ಒತ್ತುತ್ತ ಅಂಚಿನಿಂದ ನಡುವಿನವರೆಗೆ ತೇವವನ್ನೆಲ್ಲ ಆರಿಸಿದರೆ ಅದು ಖಡಕ್ ರೊಟ್ಟಿ. ಬೆರಳಿನಿಂದ ತಟ್ಟಿದರೆ ಟಣ್ ಎನ್ನಬೇಕು, ಮುರಿದರೆ ಬಾಗದೆ ಚಟ್ ಎಂದು ತುಂಡಾಗಬೇಕು. ಗಾಳಿಯಾಡುವ ಬುಟ್ಟಿಯಲ್ಲಿ ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇರುತ್ತವೆ. ನಾರಿನ ದೆಸೆಯಿಂದ ಹಸಿವು ಬೇಗ ಮರಳುವುದಿಲ್ಲ.

ರೊಟ್ಟಿಯ ಜೊತೆಗೆ ಹಿಂಡಿ ಇರಲೇಬೇಕು. ಹುರಿದ ಶೇಂಗಾ, ಅಗಸಿ, ಗುರೆಳ್ಳುಗಳನ್ನು ಬೆಳ್ಳುಳ್ಳಿ, ಜೀರಿಗೆ, ಖಾರಪುಡಿ, ಉಪ್ಪಿನೊಡನೆ ಕುಟ್ಟಿ ಮಾಡುವ ಒಣ ಚಟ್ನಿಪುಡಿಗೆ ಈ ಕಡೆ ಹಿಂಡಿ ಎನ್ನುತ್ತಾರೆ. ಶೇಂಗಾದಲ್ಲಿ ನೂರಕ್ಕೆ ಸುಮಾರು 25 ಪಾಲು ಪ್ರೋಟೀನು, ಸುಮಾರು ಅರ್ಧ ಪಾಲು ಎಣ್ಣೆ ಇದೆ. ಅಗಸಿಯಲ್ಲಿ ಒಮೇಗಾ-3 ಬಗೆಯ ಕೊಬ್ಬು ಹೇರಳ. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳು ಅದನ್ನು ಚೆನ್ನಾಗಿ ತುಂಬಿಕೊಡುವುದರಿಂದ ಬುತ್ತಿಯಲ್ಲಿ ಪುಟಾಣಿಯೋ ಝುಣಕದ ವಡಿಯೋ ಇದ್ದರೆ ಊಟ ಪೂರ್ಣವಾಗುತ್ತದೆ. ಬಿಸಿಲ ದಿನದ ಹಿಂಡಿಗೆ ಖಾರ, ಉಪ್ಪು ಎಂದಿಗಿಂತ ಕಡಿಮೆ ಇರುವುದು ಮೇಲು. ಪುಡಿಗೆ ಕಲಸುವ ಎಣ್ಣೆ ಅಥವಾ ಮೊಸರನ್ನು ಉಣ್ಣುವ ಹೊತ್ತಿಗೆ ಮಾತ್ರ ಹಾಕಬೇಕು.

ನಡುನಡುವೆ ಬಾಯಾಡಿಸಲು ಹುರಿದ ಕಡಲೆ, ಶೇಂಗಾ ಮತ್ತು ಬೆಲ್ಲ ಹಳೆಯ ಜೋಡಿ. ಶೇಂಗಾ ಉಂಡಿ, ಎಳ್ಳುಂಡಿ, ಅರಳಿನ ಹಿಟ್ಟಿಗೆ ಬೆಲ್ಲ ಕಲಸಿ ಕಟ್ಟಿದ ಅಳ್ಳಿಟ್ಟಿನ ಉಂಡಿಗಳು ಕಿಸೆಯಲ್ಲಿಟ್ಟರೂ ಕರಗುವುದಿಲ್ಲ, ಚಾಕೊಲೇಟಿನಂತೆ ಕೈಗೆ ಮೆತ್ತುವುದಿಲ್ಲ. ಒಂದು ಹೊತ್ತಿಗೆ ಒಂದೋ ಎರಡೋ ಉಂಡಿ ಸಾಕು. ಒಗ್ಗರಣೆ ಹಾಕಿ ಹುರಿದ ತೆಳು ಅವಲಕ್ಕಿ ಅಥವಾ ಚುರುಮುರಿಯ ಚೂಡಾ ಹಗುರವೂ ಹೌದು, ದಿನವಿಡೀ ಗರಿಗರಿಯೂ ಹೌದು. ಎಣ್ಣೆಯಲ್ಲಿ ಕರಿದ, ಉಪ್ಪು ಹೆಚ್ಚಿದ ಪೊಟ್ಟಣದ ತಿಂಡಿಗಳು ಕೆಡುವುದಿಲ್ಲವಾದರೂ ದಾಹ ಹೆಚ್ಚಿಸುತ್ತವೆ.

ಹಸಿ ಬುತ್ತಿ

ಧಪಾಟಿ ಒಣದ್ದಕ್ಕೂ ಹಸಿದ್ದಕ್ಕೂ ನಡುವಿನ ತಿಂಡಿ. ಜೋಳ, ಕಡಲೆ, ಗೋಧಿ ಹಿಟ್ಟುಗಳಿಗೆ ಎಳ್ಳು, ಅಜವಾನ, ಕೊತ್ತಂಬರಿ ಸೇರಿಸಿ ತಟ್ಟಿ ಬೇಯಿಸುತ್ತಾರೆ. ಉಳ್ಳಾಗಡ್ಡಿ ಹಾಕಿದರೆ ರುಚಿ ಹೆಚ್ಚು, ಬಾಳಿಕೆ ಕಡಿಮೆ. ಹಾಗಾಗಿ ದೂರದ ದಾರಿಗೆ ಉಳ್ಳಾಗಡ್ಡಿಯಿಲ್ಲದ ಧಪಾಟಿ ಒಳ್ಳೆಯದು. ಕಡಲೆ ಹಿಟ್ಟಿನ ಝುಣಕವನ್ನು ಗಟ್ಟಿಯಾಗಿ ಬೇಯಿಸಿ ತಟ್ಟೆಯಲ್ಲಿ ಹರವಿ ಕೊಯ್ದ ವಡಿಗಳನ್ನು ರೊಟ್ಟಿಯಲ್ಲಿಟ್ಟು ಸುತ್ತಿಕೊಡಬಹುದು. ತಟ್ಟೆ, ಚಮಚ ಬೇಡ. ಆದರೆ ವಡಿಯಲ್ಲಿ ತೇವ ಇರುತ್ತದೆ. ಬೆಳಗಿನ ಮೊದಲ ನಿಲುಗಡೆಯಲ್ಲೇ ಅದನ್ನು ಮುಗಿಸಬೇಕು. ಚಿತ್ರಾನ್ನ, ಮೊಸರನ್ನ, ಬೇಯಿಸಿದ ಮೊಟ್ಟೆ, ಪಲ್ಯಗಳಿಗೂ ಇದೇ ನಿಯಮ.

ಹಣ್ಣು ತರಕಾರಿಗಳಲ್ಲಿ ಸಿಪ್ಪೆಯೇ ಪೊಟ್ಟಣವಾಗಿರುವವನ್ನು ಆರಿಸಿದರೆ ಕೆಲಸ ಸುಲಭ. ಬಾಳೆಹಣ್ಣು, ಕಿತ್ತಳೆ, ಮೋಸಂಬಿಗಳನ್ನು ತಿನ್ನುವ ಹೊತ್ತಿಗೆ ಸುಲಿದರಾಯಿತು. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು, ಕಲ್ಲಂಗಡಿಯಲ್ಲಿ 90 ಪಾಲಿಗೂ ಮಿಗಿಲು ನೀರೇ ಇದೆ. ಸೌತೆಕಾಯಿಯನ್ನು ಮನೆಯಲ್ಲೇ ತೊಳೆದು ಒರೆಸಿ ಇಡಿಯಾಗಿ ಒಯ್ಯಬೇಕು. ಹೆಚ್ಚಿದ ಹಣ್ಣು, ಅದರಲ್ಲೂ ಕಲ್ಲಂಗಡಿ, ಸೆಕೆಗೆ ಬಲುಬೇಗ ಕೆಡುತ್ತದೆ. ರಸ್ತೆಬದಿಯಲ್ಲಿ ಹೆಚ್ಚಿಟ್ಟ ಹೋಳುಗಳಿಗಿಂತ ಇಡೀ ಹಣ್ಣು ಕೊಂಡು, ಕೊಯ್ದು, ಅಲ್ಲೇ ಮುಗಿಸುವುದು ಕ್ಷೇಮ.

ಕುಡಿಯುವುದು

ಬಿಸಿಲಲ್ಲಿ ಬಿರುಸಾಗಿ ನಡೆಯುವ ದೊಡ್ಡವರು ಬೆವರಿನ ಮೂಲಕ ಗಂಟೆಗೆ ಒಂದು ಲೀಟರ್‌ವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ನೀರು ಕಳೆದುಕೊಳ್ಳಬಹುದು. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಬಾಯಾರುವವರೆಗೆ ಕಾಯದೆ 15-20 ನಿಮಿಷಕ್ಕೊಮ್ಮೆ ಒಂದಿಷ್ಟು ಕುಡಿಯುತ್ತಿರಬೇಕು. ಒಮ್ಮೆಲೇ ಒಂದು ಬಾಟಲಿ ಖಾಲಿ ಮಾಡುವುದಕ್ಕಿಂತ ಇದು ಮೇಲು.

ನೀರಿನ ನಂತರದ ಸ್ಥಾನ ಮಜ್ಜಿಗೆಯದು. ಉಪ್ಪು, ಜೀರಿಗೆ, ಕರಿಬೇವು ಹಾಕಿದ ನೀರು ಮಜ್ಜಿಗೆ ನೀರನ್ನೂ ಉಪ್ಪನ್ನೂ ಒಟ್ಟಿಗೆ ಕೊಡುತ್ತದೆ. ಹಿಂದಿನ ರಾತ್ರಿ ಬಾಟಲಿಯಲ್ಲಿ ಮುಕ್ಕಾಲು ತುಂಬಿ ಫ್ರೀಜರಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಮರುದಿನ ಅದು ಚೀಲದ ಉಳಿದ ತಿನಿಸುಗಳಿಗೆ ಮಂಜುಗಡ್ಡೆಯಂತೆ ತಂಪು ಕೊಡುತ್ತ, ಕರಗಿದಷ್ಟೂ ಕುಡಿಯಲು ಸಿಗುತ್ತದೆ. ಬೇಯಿಸಿದ ಮಾವಿನಕಾಯಿಯ ತಿರುಳಿಗೆ ಬೆಲ್ಲ, ಉಪ್ಪು, ಜೀರಿಗೆ ಸೇರಿಸಿದ ಪಾನಕ, ನಿಂಬೆ ಶರಬತ್ತುಗಳೂ ಒಳ್ಳೆಯವು. ಎಳ್ಳಮಾವಾಸ್ಯೆಯಂದು ಭಜ್ಜಿಯ ಜೊತೆ ಮಣ್ಣಿನ ಗಡಿಗೆಯಲ್ಲಿ ಹೊಲಕ್ಕೆ ಹೋಗುವ ಅಂಬಲಿ ಜೋಳದ ಹಿಟ್ಟು, ಮಜ್ಜಿಗೆ, ಬೆಳ್ಳುಳ್ಳಿಯದು. ಅದನ್ನು ತೆಳ್ಳಗೆ ಮಾಡಿ ತಂಪಾಗಿಸಿ ಫ್ಲಾಸ್ಕಿಗೆ ತುಂಬಿದರೆ ಬೇಸಿಗೆಗೂ ಒಗ್ಗುತ್ತದೆ. ಬಾಟಲಿಯ ಬಣ್ಣದ ಪಾನೀಯಗಳಲ್ಲಿ ಸಕ್ಕರೆಯೇ ಹೆಚ್ಚು.

ವಾಂತಿ ಭೇದಿಯಾಗಿ ದೇಹ ಬತ್ತಿದಾಗ ಮಜ್ಜಿಗೆ ಸಾಲದು, ಓಆರ್‌ಎಸ್ ಬೇಕು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಲನೋಬಿಸ್ ಉಪ್ಪು ಮತ್ತು ಗ್ಲೂಕೋಸಿನ ದ್ರಾವಣ ಕುಡಿಸಿ ಸಾವಿರಾರು ಜೀವ ಉಳಿಸಿದರು. ಆ ವಿಧಾನ ಇಂದು ಔಷಧ ಅಂಗಡಿಯ ಪುಟ್ಟ ಪೊಟ್ಟಣದಲ್ಲಿ ಸಿಗುತ್ತದೆ. ಬುತ್ತಿಯ ಚೀಲದಲ್ಲಿ ಎರಡು ಪೊಟ್ಟಣ ಇರಲಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಬೇಕು. ಅಳತೆ ತಪ್ಪಬಾರದು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ.

ಕಟ್ಟುವ ಕ್ರಮ

ಬಿಸಿ ಅಡುಗೆಯನ್ನು ಡಬ್ಬಿಗೆ ಹಾಕಿ ಕೂಡಲೇ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಅಡುಗೆಯ ಮೇಲೇ ಬೀಳುತ್ತದೆ. ಧಪಾಟಿ ಬೇಗ ಬೂಸಲು ಹಿಡಿಯಲು ಈ ಹನಿಗಳು ಸಾಕು. ಅಗಲ ತಟ್ಟೆಯಲ್ಲಿ ಹರವಿ ಬೇಗ ಆರಿಸಿ, ಹಬೆ ಪೂರ್ತಿ ನಿಂತ ಮೇಲೆ ಮುಚ್ಚಬೇಕು. ರೊಟ್ಟಿಗೆ ಒಗೆದ ಒಣ ಹತ್ತಿ ಬಟ್ಟೆ, ಹಿಂಡಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸರಿ. ವರ್ತಮಾನ ಪತ್ರಿಕೆಯಲ್ಲಿ ತಿನಿಸು ಸುತ್ತುವುದು ಸಲ್ಲದು. ಮುದ್ರಣದ ಶಾಯಿಯ ರಾಸಾಯನಿಕಗಳು ಎಣ್ಣೆಗೆ ಇಳಿಯುವುದರಿಂದ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿದೆ.

ಚೀಲದಲ್ಲಿ ತಂಪಿನ ಬಾಟಲಿಗಳನ್ನು ಹಸಿ ತಿನಿಸುಗಳಿಗೆ ತಾಗಿಸಿ ಇಡಬೇಕು, ರೊಟ್ಟಿಯನ್ನು ಅವುಗಳಿಂದ ದೂರ ಇಡಬೇಕು. ಬಾಟಲಿ ಬೆವರಿದ ನೀರು ತಾಗಿದರೆ ಖಡಕ್ ರೊಟ್ಟಿ ಮೆತ್ತಗಾಗಿ ಅದರ ಬಾಳಿಕೆಯೇ ಹೋಗುತ್ತದೆ. ಮೊದಲು ತಿನ್ನುವುದು ಮೇಲೆ, ಕೊನೆಗೆ ತಿನ್ನುವುದು ಕೆಳಗೆ. ಕೈ ತೊಳೆಯಲು ಬೇರೆ ನೀರು, ಒಂದು ತುಂಡು ಸಾಬೂನು ಹೊರಗಿನ ಕಿಸೆಯಲ್ಲಿರಬೇಕು.

ಜಾಗಕ್ಕೆ ತಕ್ಕ ಊಟ

ಮನರಂಜನಾ ಉದ್ಯಾನಗಳಲ್ಲಿ ಹಲವು ಹೊರಗಿನ ತಿನಿಸನ್ನು ಒಳಗೆ ಬಿಡುವುದಿಲ್ಲ. ಹಸುಗೂಸುಗಳ ಆಹಾರ ಮತ್ತು ಔಷಧಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಹೊರಡುವ ಮುಂಚೆ ಆಯಾ ಜಾಗದ ನಿಯಮ ಕೇಳಿಕೊಂಡು ಬುತ್ತಿಯನ್ನು ಹಂಚಿಕೊಳ್ಳಬೇಕು. ಕಮಠಾಣದಿಂದ ನಸುಕಿನಲ್ಲಿ ಹೊರಟವರು ಹೈದರಾಬಾದ್ ಹಾದಿಯ ಮೊದಲ ನೆರಳಿನಲ್ಲೇ ಝುಣಕ, ಧಪಾಟಿ, ಮೊಸರು ಮುಗಿಸಬಹುದು. ಬಾಗಿಲಿನ ಹೊರಗೆ ಹಣ್ಣು ಮತ್ತು ಮಜ್ಜಿಗೆ. ರೊಟ್ಟಿ, ಹಿಂಡಿ, ಉಂಡಿಗಳು ವಾಹನದಲ್ಲೇ ಉಳಿದು ಸಂಜೆಗೆ ಒದಗುತ್ತವೆ. ಗಿರಗಿರ ತಿರುಗುವ ಆಟಗಳಿಗೆ ಹೊಟ್ಟೆ ತುಂಬ ಉಂಡು ಹತ್ತಬಾರದು.

ಬೀದರ್ ಕೋಟೆಯ ಜಂಬಿಟ್ಟಿಗೆ ಗೋಡೆಗಳು ಮಧ್ಯಾಹ್ನಕ್ಕೆ ಕಾದಿರುತ್ತವೆ. ಬೆಳಗ್ಗೆ ಬೇಗ ನೋಡಿ ಮುಗಿಸಿ, ಸ್ಮಾರಕಗಳಿಂದ ದೂರದ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುವುದು ಸರಿ. ನರಸಿಂಹ ಝರಾದಲ್ಲಿ ದರ್ಶನಕ್ಕೆ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಬುತ್ತಿಯ ಚೀಲವನ್ನು ಹೊರಗೆ ಒಬ್ಬರ ಬಳಿ ಬಿಟ್ಟೇ ಹೋಗಬೇಕು.

ಯಾರಿಗೆ ಯಾವುದು ಬೇಡ

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಹುರಿದ ಕಡಲೆ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಅವರಿಗೆ ಬಾಳೆಹಣ್ಣು, ತೆಳ್ಳಗೆ ಕಲಸಿದ ಅಳ್ಳಿಟ್ಟು ಸಾಕು. ಶೇಂಗಾ ಒಗ್ಗದವರು ಗುಂಪಿನಲ್ಲಿದ್ದರೆ ಹಿಂಡಿಯ ಡಬ್ಬಿ, ಚಮಚ ಬೇರೆಯೇ ಇರಬೇಕು. ಮಧುಮೇಹಿಗಳು ಬೆಲ್ಲವನ್ನು ಸಕ್ಕರೆಗಿಂತ ಭಿನ್ನವೆಂದು ಎಣಿಸಬಾರದು. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರ ಬಳಿ ಸಕ್ಕರೆ ಕುಸಿದರೆ ಎಂದು ಸಿಹಿಯೊಂದು ಇರಲೇಬೇಕು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ಮಜ್ಜಿಗೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಬುತ್ತಿ ಎಷ್ಟು ಒಳ್ಳೆಯದಿದ್ದರೂ ಬಿಸಿಲಾಘಾತಕ್ಕೆ ಔಷಧವಲ್ಲ. ಮೈ ಕಾದು, ಮಾತು ತೊದಲಿ, ದಿಕ್ಕು ತಪ್ಪಿದಂತಾದರೆ ಅಂಥವರನ್ನು ನೆರಳಿಗೆ ಒಯ್ದು, ಮೈಗೆ ನೀರು ಸುರಿದು ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಸಂಜೆ ಮನೆ ಸೇರಿದ ಮೇಲೆ ಉಳಿದದ್ದನ್ನು ವಿಂಗಡಿಸುವುದು ಕೊನೆಯ ಕೆಲಸ. ದಿನವಿಡೀ ಸೆಕೆಯಲ್ಲಿದ್ದ ಧಪಾಟಿ, ವಡಿ, ಅನ್ನಗಳನ್ನು ಎಷ್ಟೇ ಉಳಿದಿದ್ದರೂ ಇಟ್ಟುಕೊಳ್ಳಬಾರದು. ಮಜ್ಜಿಗೆಯ ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಬೇಕು. ಹಿಂಡಿಯ ಡಬ್ಬಿ ಕಪಾಟಿಗೆ ಮರಳುತ್ತದೆ. ನೀರು ತಾಗದ ಖಡಕ್ ರೊಟ್ಟಿಗಳು ಮತ್ತೆ ಬುಟ್ಟಿ ಸೇರಿ ಮರುದಿನದ ಊಟಕ್ಕೆ ಆಗುತ್ತವೆ.