ಸ್ಥೂಲಕಾಯರಲ್ಲಿ ಟ್ರೈಗ್ಲಿಸರೈಡ್ ಆಧಿಕ್ಯ: ಹೊಸ ಔಷಧಗಳ ಪರೀಕ್ಷೆ

ಆಹಾರದಲ್ಲಿ ದೇಹದ ತಕ್ಷಣದ ಆವಶ್ಯಕತೆಗೆ ಮಿಕ್ಕ ಅಂಶವು ಬಹುಮಟ್ಟಿಗೆ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ರೂಪದಲ್ಲಿ ಸಂಗ್ರಹವಾಗುತ್ತದೆ. ಉಪವಾಸದಲ್ಲಿರುವಾಗ ಇದರ ಪ್ರಮಾಣವು ಒಂದು ಡೆಸಿಲೀಟರ್ ರಕ್ತಕ್ಕೆ 150 ಮಿಲಿಗ್ರಾಮಿಗಿಂತ ಕಡಮೆಯಿರುವುದು ಸಹಜ. ಸ್ಥೂಲಕಾಯರಲ್ಲಿ ಇನ್ಸುಲಿನ್ನಿನ ಪ್ರಭಾವವು ಕುಗ್ಗುವುದರಿಂದ ಕೊಬ್ಬಿನ ಆಮ್ಲಗಳು ಯಕೃತ್ತಿಗೆ ಅಧಿಕವಾಗಿ ಹರಿಯುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡನ್ನಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಪ್ರಮಾಣವು 500ನ್ನು ಮೀರಿದಂತೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವು ಹೆಚ್ಚುತ್ತದೆ. ಈ ಪ್ರಮಾಣವನ್ನು ತಗ್ಗಿಸುವುದು ಹೇಗೆ, ತಗ್ಗಿಸಿದೊಡನೆ ರೋಗವೂ ತಗ್ಗುವುದೇ ಎಂಬ ಎರಡು ಪ್ರಶ್ನೆಗಳನ್ನು ನಾವು ಬೇರೆ ಬೇರೆಯಾಗಿಯೇ ಪರಿಶೀಲಿಸಬೇಕು.

ಮೊದಲನೆಯ ಪ್ರಶ್ನೆಗೆ ಉತ್ತರ ದೊರೆತಿದೆ. ರಕ್ತದಲ್ಲಿರುವ ಟ್ರೈಗ್ಲಿಸರೈಡನ್ನು ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವವು ಒಡೆಯುತ್ತದೆ. ಅಪೊ ಸಿ-3 ಎಂಬ ಪ್ರೋಟೀನು ಅದನ್ನು ತಡೆಯುತ್ತದೆ. ಅಮೆರಿಕದ ಲ್ಯಾಂಕಾಸ್ಟರ್ ಪ್ರಾಂತದ ಆಮಿಷ್ ಜನರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಈ ಪ್ರೋಟೀನಿನ ಜೀನಿನ ಒಂದು ಪ್ರತಿ ನಿಷ್ಕ್ರಿಯವಾಗಿರುವುದೂ, ಅವರಲ್ಲಿ ಟ್ರೈಗ್ಲಿಸರೈಡ್ ಕಡಮೆಯಿರುವುದೂ 2008ರಲ್ಲಿ ತಿಳಿದುಬಂದಿತು. ನಿಸರ್ಗವೇ ಮಾಡಿ ತೋರಿಸಿದ ಈ ಪ್ರಯೋಗವನ್ನು ಔಷಧದಿಂದ ಅನುಕರಿಸಲಾಯಿತು. ಒಲೆಜಾರ್ಸೆನ್ ಎಂಬ ಔಷಧವು ಯಕೃತ್ತಿನಲ್ಲಿ ಆ ಪ್ರೋಟೀನಿನ ಉತ್ಪಾದನೆಯನ್ನೇ ತಡೆಯುತ್ತದೆ. 2025ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ಪ್ರಮಾಣವು 500ಕ್ಕೆ ಮೇಲ್ಪಟ್ಟಿದ್ದ ರೋಗಿಗಳಲ್ಲಿ ಇದು ಮೇದೋಜೀರಕದ ಉರಿಯೂತವನ್ನು ನೂರಕ್ಕೆ 85ರಷ್ಟು ಇಳಿಸಿತು.

ಎರಡನೆಯ ಪ್ರಶ್ನೆ ಇಷ್ಟು ಸುಲಭವಲ್ಲ. ಅದೇ ಕಿಣ್ವವನ್ನು ತಡೆಯುವ ಮತ್ತೊಂದು ಪ್ರೋಟೀನಿನ ಮೇಲೆ ಪ್ರಯೋಗಿಸಿದ ವುಪನಾರ್ಸೆನ್ ಟ್ರೈಗ್ಲಿಸರೈಡನ್ನು ಅರ್ಧದಷ್ಟು ತಗ್ಗಿಸಿತು. ಆದರೆ ಹೆಚ್ಚಿನ ಮಾತ್ರೆಯಲ್ಲಿ ಯಕೃತ್ತಿನ ಕೊಬ್ಬು ಏರಿತು. 2022ರಲ್ಲಿ ಅದರ ಅಭಿವೃದ್ಧಿಯನ್ನು ಕೈಬಿಡಲಾಯಿತು. ಯಕೃತ್ತಿನಲ್ಲಿ ಮೊದಲೇ ಕೊಬ್ಬು ತುಂಬಿರುವ ಸ್ಥೂಲಕಾಯರಿಗೆ ಇದು ಸಣ್ಣ ದೋಷವಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, 10,000ಕ್ಕೂ ಮಿಕ್ಕಿದ ಮಧುಮೇಹಿಗಳಲ್ಲಿ ಪೆಮಾಫೈಬ್ರೇಟ್ ಟ್ರೈಗ್ಲಿಸರೈಡನ್ನು ನೂರಕ್ಕೆ 26ರಷ್ಟು ಇಳಿಸಿದರೂ ಹೃದಯಾಘಾತಾದಿಗಳು ಕಡಮೆಯಾಗಲಿಲ್ಲ. ಕೊಬ್ಬನ್ನು ಹೊತ್ತ ಕಣಗಳ ಹೊರೆ ಹಗುರಾಯಿತೇ ಹೊರತು ಕಣಗಳ ಸಂಖ್ಯೆ ತಗ್ಗಲಿಲ್ಲವೆಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ.

ಇದಕ್ಕೆ ಪ್ರತಿಯಾಗಿ, ದೇಹದ ತೂಕವನ್ನೇ ಇಳಿಸುವ ಸೆಮಾಗ್ಲುಟೈಡನ್ನು, ಹೃದ್ರೋಗವಿದ್ದು ಮಧುಮೇಹವಿಲ್ಲದ 17,604 ಮಂದಿಯಲ್ಲಿ ಪರೀಕ್ಷಿಸಲಾಯಿತು. ಇವರೆಲ್ಲರೂ ಅಧಿಕ ತೂಕದವರು ಅಥವಾ ಸ್ಥೂಲಕಾಯರು. ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಮರಣಗಳು ನೂರಕ್ಕೆ 20ರಷ್ಟು ಕಡಮೆಯಾದುವೆಂದು 2023ರಲ್ಲಿ ತಿಳಿದುಬಂದಿತು, ಟ್ರೈಗ್ಲಿಸರೈಡೂ ಇಳಿಯಿತು.

ಆದುದರಿಂದ ಔಷಧದ ಬೆಲೆಯನ್ನು ರಕ್ತಪರೀಕ್ಷೆಯ ಅಂಕಿಯಿಂದಷ್ಟೇ ಕಟ್ಟಲಾಗದು. ರಕ್ತವನ್ನು ಬಿಟ್ಟ ಕೊಬ್ಬು ಎಲ್ಲಿಗೆ ಹೋಯಿತು, ರೋಗಿಗೆ ಯಾವ ವಿಪತ್ತು ತಪ್ಪಿತು ಎಂದು ಕೇಳಿದ ಬಳಿಕವೇ ನಾವು ತೀರ್ಮಾನಕ್ಕೆ ಬರುವುದು ಯುಕ್ತ.