ಮನಸ್ಸಿನ ಕಾಯಿಲೆಗೆ ರಕ್ತದ ಪರೀಕ್ಷೆ ಏಕೆ?

ಮೈಸೂರಿನ ಮಾನಸಗಂಗೋತ್ರಿಯ ಬದಿಯಿಂದ ಪಶ್ಚಿಮಕ್ಕೆ ಸಾಗುವ ರಸ್ತೆ ಬೋಗಾದಿಗೆ ಹೋಗುತ್ತದೆ. ಒಂದು ಕಾಲದಲ್ಲಿ ಹೊಲಗಳ ನಡುವಣ ಹಳ್ಳಿಯಾಗಿದ್ದ ಈ ಊರು ಈಗ ನಗರದೊಡನೆ ಬೆರೆತುಹೋಗಿದೆ. ಇಲ್ಲಿಯ ಒಂದು ಮನೆಯಲ್ಲಿ ಸ್ಕಿಜೋಫ್ರೀನಿಯ ಎಂಬ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವ ತರುಣನೊಬ್ಬನಿದ್ದಾನೆಂದು ಊಹಿಸಿಕೊಳ್ಳೋಣ. ಅವನು ಪ್ರತಿ ರಾತ್ರಿಯೂ ಕ್ಲೋಜಪಿನ್ ಎಂಬ ಗುಳಿಗೆಯನ್ನು ನುಂಗುತ್ತಾನೆ. ವಾರಕ್ಕೊಮ್ಮೆ ತಪ್ಪದೆ ರಕ್ತಪರೀಕ್ಷೆಗೆ ಹೋಗುತ್ತಾನೆ. ನೆರೆಯವರಿಗೆ ಇದೊಂದು ಸೋಜಿಗ. ಕಾಯಿಲೆ ಮನಸ್ಸಿನದು, ಪರೀಕ್ಷೆ ರಕ್ತದ್ದು! ಇವೆರಡಕ್ಕೂ ಏನು ಸಂಬಂಧ? ಈ ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ, ಔಷಧವೊಂದು ದೇಹದೊಳಗೆ ಹೇಗೆ ವರ್ತಿಸುತ್ತದೆ, ಅದನ್ನು ಎಚ್ಚರದಿಂದ ಬಳಸುವುದೆಂದರೆ ಏನು ಎಂಬುದೆಲ್ಲ ತಾನಾಗಿಯೇ ತಿಳಿದುಬರುತ್ತದೆ.

ರೋಗ ಮತ್ತು ಅದರ ಮೊದಲ ಮದ್ದುಗಳು

ಸ್ಕಿಜೋಫ್ರೀನಿಯ ಅಪರೂಪದ ರೋಗವೇನಲ್ಲ. ಜೀವಮಾನದಲ್ಲಿ ಸುಮಾರು ನೂರಕ್ಕೆ ಒಬ್ಬರು, ಅಥವಾ ಅದಕ್ಕಿಂತ ತುಸು ಕಡಿಮೆ ಮಂದಿ, ಇದಕ್ಕೆ ತುತ್ತಾಗುತ್ತಾರೆ. ಸಾಮಾನ್ಯವಾಗಿ ಇದು ತಲೆದೋರುವುದು ಹದಿಹರೆಯದ ಕೊನೆಯಲ್ಲಿ ಇಲ್ಲವೆ ಇಪ್ಪತ್ತರ ಹರೆಯದಲ್ಲಿ. ಎಂದರೆ ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳ ವಯಸ್ಸಿನಲ್ಲಿ. ಯಾರೂ ಮಾತನಾಡದಿದ್ದರೂ ದನಿ ಕೇಳಿಸುವುದು, ಎಲ್ಲರೂ ತನಗೆ ಕೇಡು ಬಗೆಯುತ್ತಿದ್ದಾರೆಂಬ ಅಚಲವಾದ ನಂಬಿಕೆ, ವಿಚಾರಗಳ ಎಳೆ ಕಡಿದುಹೋಗುವುದು, ಉತ್ಸಾಹವೆಲ್ಲ ಬತ್ತಿ ಒಂಟಿಯಾಗಿ ಕುಳಿತಿರುವುದು ಇದರ ಲಕ್ಷಣಗಳು. ಇದು ಯಾರ ಶಾಪವೂ ಅಲ್ಲ, ತಾಯಿತಂದೆಯರು ಬೆಳೆಸಿದ ರೀತಿಯ ತಪ್ಪೂ ಅಲ್ಲ.

1952ರವರೆಗೆ ಈ ರೋಗಕ್ಕೆ ತಕ್ಕ ಔಷಧವೆಂಬುದೇ ಇರಲಿಲ್ಲವೆನ್ನಬಹುದು. ಆ ವರ್ಷ ಪ್ಯಾರಿಸ್ಸಿನಲ್ಲಿ ಜೀನ್ ಡಿಲೇ ಮತ್ತು ಪಿಯರ್ ಡೆನಿಕೆರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಹೊಸ ರಾಸಾಯನಿಕವನ್ನು ರೋಗಿಗಳಿಗೆ ಕೊಟ್ಟು, ಅವರ ಭ್ರಮೆಗಳು ತಗ್ಗಿದುದನ್ನು ಕಂಡರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ನಮ್ಮ ನಾಡಿನ ಸರ್ಪಗಂಧಿಯ ಬೇರಿನಿಂದ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಲಾಯಿತು. ಆ ಬೇರಿನ ಗುಣವನ್ನು ನಮ್ಮ ವೈದ್ಯರು ಬಹುಕಾಲದಿಂದ ಅರಿತಿದ್ದರು. 1931ರಲ್ಲಿಯೇ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಅದು ಉಪಯುಕ್ತವೆಂದು ಪ್ರಕಟಿಸಿದ್ದರು.

ಈ ಎರಡು ಔಷಧಗಳ ಮಾರ್ಗ ಬೇರೆ, ಗುರಿ ಒಂದೇ. ಮಿದುಳಿನ ನರಕೋಶಗಳು ಒಂದರೊಡನೊಂದು ಸಂದೇಶ ನಡೆಸಲು ಬಳಸುವ ರಾಸಾಯನಿಕಗಳಲ್ಲಿ ಡೋಪಮೀನ್ ಒಂದು. ರಿಸರ್ಪಿನ್ ಅದರ ದಾಸ್ತಾನನ್ನು ಬರಿದುಮಾಡುತ್ತದೆ. ಕ್ಲೋರ್‌ಪ್ರೊಮಜೀನ್ ಅದು ಬಂದು ಕೂಡುವ ಗ್ರಾಹಕಗಳನ್ನು ಮುಚ್ಚುತ್ತದೆ. ಡೋಪಮೀನಿನ ಆರ್ಭಟ ತಗ್ಗಿದಾಗ ಭ್ರಮೆಗಳೂ ತಗ್ಗುತ್ತವೆ. ಆದರೆ ಇದೇ ಡೋಪಮೀನ್ ಮಿದುಳಿನ ಇನ್ನೊಂದು ಭಾಗದಲ್ಲಿ ಕೈಕಾಲುಗಳ ಚಲನೆಯನ್ನೂ ಹದದಲ್ಲಿಡುತ್ತದೆ. ಅಲ್ಲಿಯೂ ಅದರ ಕೆಲಸ ನಿಂತರೆ ಕೈ ನಡುಗುತ್ತದೆ, ನಡಿಗೆ ಬಿಗಿಯುತ್ತದೆ, ಮುಖ ಭಾವಹೀನವಾಗುತ್ತದೆ. ಬಹುಕಾಲ ಸೇವಿಸಿದವರಲ್ಲಿ ತುಟಿ ನಾಲಗೆಗಳು ತಾವಾಗಿಯೇ ಆಡತೊಡಗುವುದುಂಟು. ಔಷಧದ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿದವು. ಗಿಡಮೂಲಿಕೆಯಾದುದರಿಂದ ಸರ್ಪಗಂಧಿ ನಿರಪಾಯಕಾರಿ ಎಂದು ತಿಳಿಯುವುದೂ ತಪ್ಪು; ಅದರ ಸತ್ತ್ವವೇ ಆದ ರಿಸರ್ಪಿನ್ ಈ ಬಗೆಯ ತೊಂದರೆಗಳನ್ನೂ ರಕ್ತದ ಒತ್ತಡದ ಕುಸಿತವನ್ನೂ ಉಂಟುಮಾಡಬಲ್ಲುದು.

ಮರಳಿ ಬಂದ ಔಷಧ

1950ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಾಂಡರ್ ಕಂಪೆನಿಯ ರಸಾಯನಶಾಸ್ತ್ರಜ್ಞರು ಕ್ಲೋಜಪಿನ್ನನ್ನು ತಯಾರಿಸಿದರು. ಇದು ಭ್ರಮೆಗಳನ್ನು ತಗ್ಗಿಸುತ್ತಿತ್ತು. ಕೈಕಾಲುಗಳ ಬಿಗಿತವನ್ನು ಮಾತ್ರ ಅಷ್ಟಾಗಿ ತರುತ್ತಿರಲಿಲ್ಲ. ಡೋಪಮೀನ್ ಗ್ರಾಹಕಗಳನ್ನು ಇದು ಸಡಿಲವಾಗಿ ಹಿಡಿಯುವುದೂ, ಸಿರೊಟೊನಿನ್ ಮೊದಲಾದ ಬೇರೆ ರಾಸಾಯನಿಕಗಳ ಗ್ರಾಹಕಗಳ ಮೇಲೆಯೂ ವರ್ತಿಸುವುದೂ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ವೈದ್ಯರಿಗೆ ಹರ್ಷವಾಯಿತು. ಆದರೆ 1975ರಲ್ಲಿ ಫಿನ್ಲೆಂಡಿನಿಂದ ಕೆಟ್ಟ ಸುದ್ದಿ ಬಂದಿತು. ಈ ಔಷಧವನ್ನು ಸೇವಿಸಿದವರಲ್ಲಿ ಕೆಲವರ ರಕ್ತದಲ್ಲಿ ಬಿಳಿಯ ಕಣಗಳು ಕುಸಿದುಬಿದ್ದು, ಎಂಟು ಮಂದಿ ಸೋಂಕಿನಿಂದ ಮೃತರಾದರು. ಹಲವು ದೇಶಗಳಲ್ಲಿ ಔಷಧವನ್ನು ಹಿಂದೆಗೆದುಕೊಳ್ಳಲಾಯಿತು.

ಕಥೆ ಅಲ್ಲಿಗೇ ಮುಗಿಯಬಹುದಾಗಿತ್ತು. ಮುಗಿಯಲಿಲ್ಲವೇಕೆಂದರೆ, ಸ್ಕಿಜೋಫ್ರೀನಿಯದ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಉಳಿದ ಔಷಧಗಳಿಂದ ಸಾಕಷ್ಟು ಗುಣ ದೊರೆಯುವುದಿಲ್ಲ. 1988ರಲ್ಲಿ ಅಮೆರಿಕದ ಜಾನ್ ಕೇನ್ ಮತ್ತು ಸಂಗಡಿಗರು ಇಂಥ 268 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಆರು ವಾರಗಳಲ್ಲಿ ಕ್ಲೋರ್‌ಪ್ರೊಮಜೀನಿನಿಂದ ನೂರಕ್ಕೆ 4 ಮಂದಿ ಸುಧಾರಿಸಿದರೆ, ಕ್ಲೋಜಪಿನ್ನಿನಿಂದ ನೂರಕ್ಕೆ 30 ಮಂದಿ ಸುಧಾರಿಸಿದ್ದರು. ಮರುವರ್ಷ ಅಮೆರಿಕ ಈ ಔಷಧಕ್ಕೆ ಅನುಮತಿಯಿತ್ತಿತು. ಆದರೆ ಒಂದು ಕಟ್ಟುಪಾಡಿನೊಡನೆ. ರಕ್ತಪರೀಕ್ಷೆ ಇಲ್ಲದೆ ಗುಳಿಗೆ ಇಲ್ಲ!

ಬಿಳಿಯ ಕಣಗಳ ಕಾವಲು

ನಮ್ಮ ಎಲುಬಿನ ಮಜ್ಜೆ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳನ್ನು ತಯಾರಿಸುತ್ತದೆ. ದೇಹವನ್ನು ಹೊಕ್ಕ ಬ್ಯಾಕ್ಟೀರಿಯಗಳನ್ನು ಮೊದಲು ಎದುರಿಸುವ ಕಾವಲು ಪಡೆ ಇದು. ಇವುಗಳ ಆಯುಸ್ಸು ಅಲ್ಪ. ಆದುದರಿಂದ ಮಜ್ಜೆ ಕೆಲಸ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪಡೆ ಬರಿದಾಗುತ್ತದೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1,500ಕ್ಕೆ ಮೇಲಿರುತ್ತವೆ. 500ಕ್ಕಿಂತ ಕೆಳಗಿಳಿದರೆ ಅಲ್ಪ ಸೋಂಕೂ ಪ್ರಾಣಾಂತಿಕವಾಗಬಹುದು. ಕ್ಲೋಜಪಿನ್ ಸೇವಿಸುವವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಯಲ್ಲಿ ಇಂಥ ಕುಸಿತವಾಗುತ್ತದೆ. ಅದರಲ್ಲಿಯೂ ಹೆಚ್ಚಿನವು ಮೊದಲ ಕೆಲವು ತಿಂಗಳುಗಳಲ್ಲಿಯೇ ಆಗುವಂಥವು. ಹೊತ್ತಿಗೆ ಸರಿಯಾಗಿ ಕಂಡುಹಿಡಿದು ಔಷಧವನ್ನು ನಿಲ್ಲಿಸಿದರೆ ಮಜ್ಜೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ.

ವಾರಕ್ಕೊಮ್ಮೆ ರಕ್ತವನ್ನು ಏಕೆ ನೋಡಬೇಕೆಂಬುದು ಈಗ ಸ್ಪಷ್ಟವಾಯಿತಷ್ಟೆ. ಬ್ರಿಟನ್ನಿನ ಪದ್ಧತಿಯಂತೆ ಮೊದಲ 18 ವಾರ ವಾರಕ್ಕೊಮ್ಮೆ, ಬಳಿಕ ವರ್ಷ ತುಂಬುವವರೆಗೆ ಹದಿನೈದು ದಿನಕ್ಕೊಮ್ಮೆ, ಅನಂತರ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ ನಡೆಯುತ್ತ ಬಂದಿದೆ. ವರ್ಷಗಳು ಕಳೆದಂತೆ ಅಪಾಯ ಬಹಳ ಇಳಿಯುವುದೆಂದು ಕಂಡುಬಂದುದರಿಂದ 2025ರಲ್ಲಿ ಅಮೆರಿಕ ತನ್ನ ಕಡ್ಡಾಯದ ನೋಂದಣಿ ವ್ಯವಸ್ಥೆಯನ್ನು ಕೈಬಿಟ್ಟಿತು. ಆದರೆ ಪರೀಕ್ಷೆ ಮಾಡಿಸಬೇಕೆಂಬ ಸಲಹೆ ಹಾಗೆಯೇ ಉಳಿದಿದೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಚಿಕಿತ್ಸೆ ನೀಡುವ ವೈದ್ಯರೇ ಗೊತ್ತುಮಾಡಬೇಕು. ಎರಡು ಪರೀಕ್ಷೆಗಳ ನಡುವೆ ಮನೆಯವರ ಕಣ್ಣೇ ಕಾವಲು. ಜ್ವರ, ಗಂಟಲುನೋವು, ಬಾಯಿಹುಣ್ಣು ಕಾಣಿಸಿದರೆ ಅಂಗಡಿಯ ಮಾತ್ರೆ ನುಂಗಿ ಮಲಗುವುದು ಸಲ್ಲದು. ಅಂದೇ ವೈದ್ಯರನ್ನು ಕಂಡು ರಕ್ತವನ್ನು ಪರೀಕ್ಷಿಸಬೇಕು.

ಎರಡು ದಿನದ ಲೆಕ್ಕ

ಕ್ಲೋಜಪಿನ್ನನ್ನು ಮೊದಲ ದಿನ 12.5 ಮಿಲಿಗ್ರಾಂನಷ್ಟು ಅಲ್ಪ ಪ್ರಮಾಣದಲ್ಲಿ ಕೊಟ್ಟು, ಮೆಲ್ಲಮೆಲ್ಲನೆ ಏರಿಸುತ್ತಾರೆ. ಹಲವು ವಾರಗಳ ತರುವಾಯ ಅದು ಕೆಲವು ನೂರು ಮಿಲಿಗ್ರಾಂಗಳನ್ನು ಮುಟ್ಟಬಹುದು. ದಿಢೀರನೆ ಹೆಚ್ಚು ಕೊಟ್ಟರೆ ರಕ್ತದ ಒತ್ತಡ ಕುಸಿದು ರೋಗಿ ಮೂರ್ಛೆ ಹೋಗಬಹುದು, ಸೆಳವೂ ಬರಬಹುದು.

ಇಲ್ಲೊಂದು ಸರಳ ಗಣಿತವಿದೆ. ರಕ್ತದಲ್ಲಿರುವ ಕ್ಲೋಜಪಿನ್ ಸುಮಾರು 12 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. 24 ಗಂಟೆಗಳಲ್ಲಿ ಕಾಲು ಭಾಗ, 36 ಗಂಟೆಗಳಲ್ಲಿ ಅರೆಕಾಲು, 48 ಗಂಟೆಗಳಲ್ಲಿ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ಎಂದರೆ ಎರಡು ದಿನ ಗುಳಿಗೆ ತಪ್ಪಿದರೆ ದೇಹವು ಅದರ ಪರಿಚಯವನ್ನು ಹೆಚ್ಚುಕಡಮೆ ಮರೆತಂತೆಯೇ. ಮೂರನೆಯ ದಿನ ‘ತಪ್ಪಿದುದನ್ನು ಸರಿಮಾಡುವೆ’ನೆಂದು ಪೂರ್ತಿ ಪ್ರಮಾಣವನ್ನು ನುಂಗುವುದು ಅಪಾಯ. 48 ಗಂಟೆ ಮೀರಿ ಬಿಟ್ಟುಹೋಗಿದ್ದರೆ ವೈದ್ಯರ ಸಲಹೆಯಂತೆ ಮತ್ತೆ ಅಲ್ಪ ಪ್ರಮಾಣದಿಂದಲೇ ಆರಂಭಿಸಬೇಕು. ಜಾತ್ರೆಗೋ ಮದುವೆಗೋ ಊರು ಬಿಟ್ಟು ಹೊರಡುವಾಗ ಬಟ್ಟೆಗಳಿಗಿಂತ ಮೊದಲು ಚೀಲಕ್ಕೆ ಹಾಕಬೇಕಾದುದು ಗುಳಿಗೆಗಳನ್ನು.

ಬೀಡಿ ಮತ್ತು ಕಾಫಿ

ಈ ಔಷಧವನ್ನು ಕರಗಿಸಿ ಹೊರಹಾಕುವ ಕೆಲಸ ಮುಖ್ಯವಾಗಿ ಯಕೃತ್ತಿನ ಒಂದು ಕಿಣ್ವದ್ದು. ಬೀಡಿ ಸಿಗರೇಟುಗಳ ಹೊಗೆಯಲ್ಲಿರುವ ಟಾರಿನ ವಸ್ತುಗಳು ಈ ಕಿಣ್ವವನ್ನು ಹೆಚ್ಚಿಸುತ್ತವೆ. (ನಿಕೋಟಿನ್ನಿಗೆ ಈ ಗುಣವಿಲ್ಲ, ಆದುದರಿಂದ ಹೊಗೆಸೊಪ್ಪನ್ನು ಜಗಿಯುವವರಲ್ಲಿ ಹೀಗಾಗುವುದಿಲ್ಲ.) ಧೂಮಪಾನಿಯ ದೇಹ ಔಷಧವನ್ನು ಬೇಗ ಕರಗಿಸುವುದರಿಂದ ಅವನಿಗೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಅವನು ಒಮ್ಮೆಗೇ ಬೀಡಿಯನ್ನು ಬಿಟ್ಟನೆನ್ನೋಣ. ಒಳ್ಳೆಯ ನಿರ್ಧಾರವೇ ಸರಿ. ಆದರೆ ಒಂದು ವಾರದಲ್ಲಿ ಕಿಣ್ವ ತಗ್ಗಿ, ಅದೇ ಗುಳಿಗೆಯಿಂದ ರಕ್ತದಲ್ಲಿ ಔಷಧದ ಮಟ್ಟ ಒಂದೂವರೆ ಪಟ್ಟು ಅಥವಾ ಅದಕ್ಕೂ ಮೇಲೆ ಏರಬಹುದು. ಅತಿಯಾದ ಮಂಪರು, ಸೆಳವು ಇದರ ಫಲ. ಬೀಡಿಯನ್ನು ಖಂಡಿತವಾಗಿ ಬಿಡಬೇಕು. ಬಿಡುವ ಮುನ್ನ ವೈದ್ಯರಿಗೆ ತಿಳಿಸಬೇಕು.

ನಮ್ಮವರ ಮೆಚ್ಚಿನ ಕಾಫಿಯ ವರ್ತನೆ ಇದಕ್ಕೆ ವಿರುದ್ಧ. ಕೆಫೀನನ್ನು ಕರಗಿಸುವುದೂ ಇದೇ ಕಿಣ್ವ. ಲೋಟದ ಮೇಲೆ ಲೋಟ ಕಾಫಿ ಕುಡಿದರೆ ಕಿಣ್ವ ಅದರಲ್ಲೇ ತೊಡಗಿ, ಔಷಧ ರಕ್ತದಲ್ಲಿ ನಿಲ್ಲುತ್ತದೆ. ಕಾಫಿಯನ್ನು ಬಿಡಬೇಕೆಂದಲ್ಲ, ದಿನವೂ ಒಂದೇ ಅಳತೆಯಲ್ಲಿರಲಿ. ಸಿಪ್ರೊಫ್ಲಾಕ್ಸಸಿನ್‌ನಂಥ ಸಾಮಾನ್ಯ ಔಷಧವೂ ಈ ಕಿಣ್ವವನ್ನು ತಡೆಯುತ್ತದೆ. ಬೇರೆ ಯಾವ ವೈದ್ಯರ ಬಳಿಗೆ ಹೋದರೂ ‘ಕ್ಲೋಜಪಿನ್ ಸೇವಿಸುತ್ತಿದ್ದೇನೆ’ ಎಂದು ಮೊದಲು ಹೇಳಬೇಕು.

ಸಣ್ಣದೆಂದು ಕಡೆಗಣಿಸಬಾರದ ಲಕ್ಷಣಗಳು

ನಿದ್ರೆಯಲ್ಲಿ ಜೊಲ್ಲು ಸುರಿಯುವುದು, ಹಗಲಿನ ಮಂಪರು, ಎದ್ದು ನಿಂತಾಗ ತಲೆ ತಿರುಗುವುದು ಸಾಮಾನ್ಯ ತೊಂದರೆಗಳು. ಇವಕ್ಕೆ ಪರಿಹಾರವುಂಟು. ಮಲಬದ್ಧತೆಯನ್ನು ಮಾತ್ರ ಹಗುರವಾಗಿ ಎಣಿಸಬಾರದು. ಕ್ಲೋಜಪಿನ್ ಕರುಳಿನ ಚಲನೆಯನ್ನೇ ನಿಧಾನಗೊಳಿಸುತ್ತದೆ. ಕರುಳು ಕಟ್ಟಿ ಪ್ರಾಣ ಹೋದ ಪ್ರಸಂಗಗಳಿವೆ. ನಾಚಿಕೆಯಿಂದ ಮುಚ್ಚಿಡದೆ ಹೇಳುವುದೇ ಇದಕ್ಕೆ ಮೊದಲ ಮದ್ದು. ಹೊಟ್ಟೆನೋವು, ಉಬ್ಬರ, ವಾಂತಿ ಸೇರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೊದಲ ಒಂದೆರಡು ತಿಂಗಳಲ್ಲಿ ಎದೆನೋವು, ಏದುಸಿರು, ವೇಗವಾದ ಎದೆಬಡಿತ, ಜ್ವರ ಕಂಡರೆ ಹೃದಯದ ಸ್ನಾಯುವಿನ ಉರಿಯೂತವೆಂದು ಶಂಕಿಸಬೇಕು. ಇದು ಅಪರೂಪ, ಆದರೆ ಘೋರ. ತೂಕವೂ ರಕ್ತದ ಸಕ್ಕರೆಯೂ ಏರುವ ಸಂಭವವಿರುವುದರಿಂದ ಅವನ್ನು ಆಗಾಗ ಅಳೆಯಬೇಕು, ದಿನವೂ ನಡೆದಾಡಬೇಕು.

ಇಷ್ಟು ಅಪಾಯಗಳ ಪಟ್ಟಿಯನ್ನು ಓದಿದವರು ‘ಇಂಥ ಔಷಧವೇ ಬೇಡ’ ಎನ್ನಬಹುದು. ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಈ ರೋಗವೂ ಪ್ರಾಣಾಂತಿಕವೇ. ಆತ್ಮಹತ್ಯೆಗೆ ಬಲಿಯಾಗುವವರು ಇವರಲ್ಲಿ ಬಹಳ ಮಂದಿ. ಆತ್ಮಹತ್ಯೆಯ ಯತ್ನಗಳನ್ನು ಕ್ಲೋಜಪಿನ್ ಕಡಿಮೆ ಮಾಡುವುದೆಂದು 2003ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಸ್ಕಿಜೋಫ್ರೀನಿಯದ ರೋಗಿಗಳನ್ನು ಹುಡುಕಿ ಅಧ್ಯಯನ ನಡೆಸಿದಾಗ, ಔಷಧ ಸೇವಿಸುತ್ತಿದ್ದವರ ದಿನನಿತ್ಯದ ಬದುಕು ಸೇವಿಸದವರ ಬದುಕಿಗಿಂತ ಮೇಲಾಗಿದ್ದುದನ್ನು ಕಂಡರು. ಗುಣ ಕಂಡಿತೆಂದು ರೋಗಿ ತಾನಾಗಿಯೇ ಗುಳಿಗೆಯನ್ನು ಬಿಟ್ಟರೆ ರೋಗ ಮರುಕಳಿಸುವುದೇ ಹೆಚ್ಚು. ಕ್ಲೋಜಪಿನ್ನನ್ನು ಥಟ್ಟನೆ ಬಿಟ್ಟರಂತೂ ಅದು ಬಲು ತೀವ್ರವಾಗಿ ಮರಳಬಹುದು.

ಬೋಗಾದಿಯವರು ಚಿಕಿತ್ಸೆಗಾಗಿ ದೂರ ಹೋಗಬೇಕಾಗಿಲ್ಲ. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ನೆರೆಯವರೂ ಸಹಪಾಠಿಗಳೂ ಮಾಡಬೇಕಾದುದು ದೊಡ್ಡದೇನಲ್ಲ. ‘ಇಷ್ಟು ದಿನ ಮಾತ್ರೆ ಏಕೆ, ಬಿಟ್ಟುಬಿಡು’ ಎಂದು ಹೇಳದಿರುವುದು. ಬದಲಾಗಿ, ‘ಈ ವಾರ ರಕ್ತಪರೀಕ್ಷೆ ಆಯಿತೆ?’ ಎಂದು ಕೇಳುವುದು. ಸಕ್ಕರೆ ಕಾಯಿಲೆಯವರನ್ನು ನಾವು ಸಂಕೋಚವಿಲ್ಲದೆ ಹೀಗೆ ವಿಚಾರಿಸುವುದಿಲ್ಲವೆ? ಮನಸ್ಸಿನ ಕಾಯಿಲೆಯವರಿಗೂ ಅಷ್ಟೇ ಸಹಜವಾದ ಆದರ ಸಲ್ಲಬೇಕು.